ಅಬಿಡ್ಸ್‌ನ ಕೋಣೆಯಲ್ಲೊಂದು ಟಿ.ವಿ.

ಹೋಟೆಲಿನ ತಿಂಡಿಯನ್ನು ವಿಮರ್ಶಿಸುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಸಾಂಬಾರಿಗೆ ಬೆಲ್ಲ ಹೆಚ್ಚಾಯಿತೆ, ಕಾಫಿಗೆ ಚಿಕೋರಿ ಎಷ್ಟು ಬೆರೆಸಿದ್ದಾರೆ ಎಂದು ಒಂದು ಗಂಟೆ ಚರ್ಚೆ ಮಾಡಬಲ್ಲೆವು. ಹಾಸಿಗೆಯ ಚಾದರ, ಬಚ್ಚಲಿನ ನಲ್ಲಿ, ಇವನ್ನೂ ಬಿಡುವವರಲ್ಲ. ಆದರೆ ವಸತಿಗೃಹದ ಕೋಣೆಯ ಗೋಡೆಗೆ ತೂಗುಹಾಕಿದ ಟಿ.ವಿ.ಯನ್ನು ಯಾರಾದರೂ ವಿಮರ್ಶಿಸಿದ್ದನ್ನು ನಾನು ಕಂಡಿಲ್ಲ. ಹೊರಗಿನ ಬೋರ್ಡಿನಲ್ಲಿ ‘ಎ.ಸಿ., ಟಿ.ವಿ., ಬಿಸಿನೀರು’ ಎಂದು ಬರೆದಿರುತ್ತಾರೆ. ಬಿಸಿನೀರು ಬಾರದಿದ್ದರೆ ಕೆಳಗಿಳಿದು ಹೋಗಿ ಜಗಳ ಮಾಡುತ್ತೇವೆ. ಟಿ.ವಿ. ಸರಿಯಿಲ್ಲದಿದ್ದರೆ ಆರಿಸಿ ಮಲಗುತ್ತೇವೆ. ಮೂರಕ್ಕೂ ಸೇರಿಯೇ ಬಾಡಿಗೆ ಕೊಟ್ಟಿರುತ್ತೇವೆಂಬುದು ನೆನಪಾಗುವುದಿಲ್ಲ.

ನನಗೂ ನೆನಪಾಗುತ್ತಿರಲಿಲ್ಲ. ಈಚೆಗೆ ಕಲಬುರಗಿ ಕಡೆಯಿಂದ ನನ್ನ ಅಕ್ಕ ಮತ್ತು ಭಾವ ಹೈದರಾಬಾದಿಗೆ ಬಂದರು. ಭಾವನವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿತ್ತು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೂ ಹತ್ತು ದಿನ ಊರಿನಲ್ಲೇ ಇದ್ದು ವ್ಯಾಯಾಮ, ಡ್ರೆಸಿಂಗುಗಳಿಗೆ ಹೋಗಿ ಬರಬೇಕಿತ್ತು. ನಮ್ಮ ಮನೆ ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಹೀಗಾಗಿ ಅಬಿಡ್ಸ್‌ನಲ್ಲಿ ಲಿಫ್ಟ್ ಇರುವ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದೆವು. ಊಟ ಮನೆಯಿಂದ ಹೋಗುತ್ತಿತ್ತು.

ಅಬಿಡ್ಸ್ ನಮ್ಮವರಿಗೆ ಹೊಸದಲ್ಲ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ ಆಬಿದ್ ಎಂಬ ಆರ್ಮೇನಿಯನ್ನನ ಅಂಗಡಿಯಿಂದ ಈ ಬೀದಿಗೆ ಹೆಸರು ಬಂತು. ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಓದಿಗೆ, ಕೋರ್ಟಿಗೆ, ಔಷಧಿಗೆ ಇಲ್ಲಿಗೆ ಬರುವುದು ಆ ಕಡೆಯವರಿಗೆ ತಲೆಮಾರಿನ ರೂಢಿ. ಗಡಿ ಬದಲಾದರೂ ರೂಢಿ ಬದಲಾಗಿಲ್ಲ. ನಾಂಪಲ್ಲಿ ನಿಲ್ದಾಣಕ್ಕೆ ಸಮೀಪವಾದ್ದರಿಂದ ಇಲ್ಲಿನ ಲಾಡ್ಜುಗಳಲ್ಲಿ ಕನ್ನಡದ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ನಾವು ಹಿಡಿದ ಲಾಡ್ಜಿನ ಮುಂದೆ ನಿಂತಿದ್ದ ಕಾರುಗಳಲ್ಲಿ ಕೆಎ 32, ಕೆಎ 36, ಕೆಎ 38 ಎಂಬ ಫಲಕಗಳನ್ನು ಕಂಡೆ. ಕಲಬುರಗಿ, ರಾಯಚೂರು, ಬೀದರ.

ಮೊದಲನೆಯ ಸಂಜೆ ಹೋದಾಗ ಭಾವ ಮಂಚಕ್ಕೆ ಒರಗಿ ಟಿ.ವಿ. ನೋಡುತ್ತಿದ್ದರು. “ಅಲ್ಲೋ, ಈ ಮಂದಿ ಎಲ್ಲಾ ಯಾಕ ಹಿಂಗ ಉಬ್ಬಿದಂಗ ಕಾಣ್ತಾರ?” ಎಂದು ಕೇಳಿದರು. ತೆರೆಯ ಮೇಲೆ ಒಬ್ಬ ಸಣಕಲು ನಟ ಪೈಲ್ವಾನನಂತೆ ಕಾಣುತ್ತಿದ್ದ. ಅಕ್ಕ ರಿಮೋಟನ್ನು ನನ್ನ ಕೈಗೆ ಕೊಟ್ಟು, “ತಮ್ಮಾ, ಇದ್ರಾಗ ನಮ್ಮ ಭಾಷಾ ಬರಂಗಿಲ್ಲೇನೋ? ಒತ್ತಿ ಒತ್ತಿ ಬಟ್ಟು ನೋವಾತು” ಎಂದಳು.

ಈ ಎರಡು ಪ್ರಶ್ನೆಗಳೇ ಈ ವಿಮರ್ಶೆಗೆ ಆಧಾರ. ಮೊದಲನೆಯದು ಚಿತ್ರದ್ದು, ಎರಡನೆಯದು ಚಾನೆಲಿನದು. ಎರಡಕ್ಕೂ ಉತ್ತರ ಒಂದೇ ಎಂದು ಕೊನೆಗೆ ನನಗೆ ತಿಳಿಯಿತು.

ಚಿತ್ರದ ವಿಷಯ ಮೊದಲು ನೋಡೋಣ. ಉಬ್ಬುವಿಕೆಗೆ ಕಾರಣ ಸರಳ. ಹಳೆಯ ಟಿ.ವಿ. ತೆರೆ 4ಕ್ಕೆ 3ರ ಅಳತೆಯದು. ಈಗಿನದು 16ಕ್ಕೆ 9ರದು. ಹಳೆಯ ಅಳತೆಯ ಚಿತ್ರ ಬಂದಾಗ ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಬಿಟ್ಟು ನಡುವೆ ತೋರಿಸುವುದು ಸರಿಯಾದ ಕ್ರಮ. ಖಾಲಿ ಜಾಗ ಕಂಡರೆ ಗಿರಾಕಿಗೆ ನಷ್ಟವಾದಂತೆ ತೋರುತ್ತದೆಂದೋ ಏನೋ, ಚಿತ್ರವನ್ನು ತೆರೆಯ ತುಂಬ ಎಳೆದಿಟ್ಟಿರುತ್ತಾರೆ. ಲೆಕ್ಕ ಹಾಕಿದರೆ ಪ್ರತಿಯೊಬ್ಬ ಮನುಷ್ಯನೂ ಮೂರನೆಯ ಒಂದು ಪಾಲು ಹೆಚ್ಚು ಅಗಲವಾಗುತ್ತಾನೆ. ಇದನ್ನು ಸರಿಮಾಡಲು ರಿಮೋಟಿನ ಒಂದು ಗುಂಡಿ ಸಾಕು. ಆದರೆ ನಮ್ಮ ಕೋಣೆಯಲ್ಲಿದ್ದದ್ದು ಪೆಟ್ಟಿಗೆಯ ರಿಮೋಟು ಮಾತ್ರ, ಟಿ.ವಿ.ಯ ರಿಮೋಟು ಕೌಂಟರಿನ ಡ್ರಾಯರಿನಲ್ಲಿ ಭದ್ರವಾಗಿತ್ತು.

ಎರಡನೆಯ ದೋಷ ಮಸುಕು. ಟಿ.ವಿ. ಹೊಸದು, ತೆಳ್ಳಗಿನದು, ದೊಡ್ಡದು. ಪೆಟ್ಟಿಗೆಯೂ ಹೊಸದೇ. ಆದರೆ ಎರಡರ ನಡುವೆ ಇದ್ದದ್ದು ಹಳದಿ, ಕೆಂಪು, ಬಿಳಿ ಮೂತಿಯ ಹಳೆಯ ತಂತಿ. ಆ ಹಳದಿ ತಂತಿಯಲ್ಲಿ ಬರುವ ಚಿತ್ರಕ್ಕೆ 576 ಗೆರೆಗಳೇ ಮಿತಿ, ಬಣ್ಣಗಳೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪೆಟ್ಟಿಗೆಯ ಹಿಂದೆಯೇ ಎಚ್.ಡಿ.ಎಂ.ಐ. ಎಂಬ ಇನ್ನೊಂದು ಕಿಂಡಿ ಖಾಲಿ ಕುಳಿತಿತ್ತು. ಅದರಿಂದ 1080 ಗೆರೆಯ ಚಿತ್ರವೂ ಬರಬಲ್ಲದು. ರೇಷ್ಮೆ ಸೀರೆ ಕೊಂಡು ಅದನ್ನು ಗೋಣಿಚೀಲದಲ್ಲಿ ಹೊತ್ತುತಂದಂತೆ ಇದೆ ಈ ಏರ್ಪಾಡು.

ಮೂರನೆಯದು, ಚಿತ್ರ ಆಗಾಗ ಚೌಕಚೌಕವಾಗಿ ಒಡೆದು ನಿಲ್ಲುವುದು. ಬೀದಿಯ ಕಂಬದಿಂದ ಬಂದ ಒಂದು ಕೇಬಲನ್ನು ಮಹಡಿ ಮಹಡಿಗೂ, ಕೋಣೆ ಕೋಣೆಗೂ ಕವಲು ಒಡೆಸುತ್ತಾರೆ. ಎರಡು ಕವಲಾದರೆ ಶಕ್ತಿ ಅರ್ಧರ್ಧ, ನಾಲ್ಕಾದರೆ ಕಾಲು ಕಾಲು. ತಂತಿಯುದ್ದಕ್ಕೂ ಸೋರುವುದು ಬೇರೆ. ಹಿಂದೆ ಆಂಟೆನಾ ಕಾಲದಲ್ಲಿ ಶಕ್ತಿ ಕಡಿಮೆಯಾದರೆ ತೆರೆಯ ಮೇಲೆ ಹಿಮ ಸುರಿದಂತೆ ಕಾಣುತ್ತಿತ್ತು. ಹಿಮದ ಹಿಂದೆ ನೆರಳಿನಂತಾದರೂ ಮನುಷ್ಯರು ಓಡಾಡುತ್ತಿದ್ದರು. ಇಂದಿನ ಡಿಜಿಟಲ್ ಚಿತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಬಂದರೆ ಪೂರ್ತಿ, ಒಂದು ಮಟ್ಟಕ್ಕಿಂತ ಇಳಿದರೆ ಒಡೆದ ಚೂರು. ಕೊನೆಯ ಮಹಡಿಯ ಕೊನೆಯ ಕೋಣೆಯವನ ಪಾಲಿಗೆ ಚೂರುಗಳೇ ಗತಿ.

ಈಗ ಚಾನೆಲಿನ ವಿಷಯ. ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಸಿದ ಒಂದು ಪಟ್ಟಿ ಇತ್ತು. ತೆಲುಗು, ಹಿಂದಿ, ಇಂಗ್ಲಿಷ್, ಕ್ರೀಡೆ, ಭಕ್ತಿ, ಮಕ್ಕಳದು, ತಮಿಳಿನವು ಒಂದೆರಡು. ಹೈದರಾಬಾದಿನಲ್ಲಿ ತೆಲುಗು, ಹಿಂದಿ, ಉರ್ದು ಮೊದಲು ಬರಬೇಕಾದದ್ದು ನ್ಯಾಯವೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ತೆಲುಗಿನ ಸುದ್ದಿ ಚಾನೆಲುಗಳೇ ಡಜನ್ ಇದ್ದ ಆ ಪಟ್ಟಿಯಲ್ಲಿ ಕನ್ನಡದ್ದು ಒಂದೂ ಇರಲಿಲ್ಲ.

ನಾನು ಕೆಳಗಿಳಿದು ಮ್ಯಾನೇಜರರನ್ನು ಕೇಳಿದೆ. ಸಭ್ಯರು. “ಕನ್ನಡ ಯಾರೂ ಕೇಳುವುದಿಲ್ಲ ಸಾರ್. ಅಲ್ಲದೆ ಈಗ ಟಿ.ವಿ. ನೋಡುವವರು ಯಾರು? ಎಲ್ಲರೂ ಫೋನಿನಲ್ಲೇ ನೋಡುತ್ತಾರೆ” ಎಂದು ತೆಲುಗಿನಲ್ಲಿ ಹೇಳಿದರು.

ಫೋನಿನ ಮಾತನ್ನು ನಾನು ಒಪ್ಪಲಾರೆ. ಎಪ್ಪತ್ತು ದಾಟಿದವರಿಗೆ ಅಂಗೈಯಗಲದ ತೆರೆ ಕಾಣುವುದು ಕಷ್ಟ. ಗಂಡ ಹೆಂಡತಿ ಇಬ್ಬರೂ ಕೂಡಿ ನೋಡುವುದಂತೂ ಆಗದು. ಹತ್ತು ದಿನ ಒಂದೇ ಕೋಣೆಯಲ್ಲಿ ಕಾಲು ಚಾಚಿ ಕೂರಬೇಕಾದ ಮನುಷ್ಯನಿಗೆ ಗೋಡೆಯ ಮೇಲಿನ ಟಿ.ವಿ.ಯೇ ಕಿಟಕಿ. ಆದರೆ ಮೊದಲನೆಯ ಮಾತು ನನ್ನನ್ನು ಚುಚ್ಚಿತು. ಕೆಎ 32, 36, 38ರ ಕಾರುಗಳು ಬಾಗಿಲಲ್ಲೇ ನಿಂತಿವೆ, ಆದರೂ ಯಾರೂ ಕೇಳುವುದಿಲ್ಲ. ನಾವು ಕೌಂಟರಿಗೆ ಬಂದರೆ ಹಿಂದಿಗೋ ದಖ್ಖನಿಗೋ ತಿರುಗುತ್ತೇವೆ, ಕೋಣೆಗೆ ಹೋಗಿ ಕನ್ನಡವಿಲ್ಲವೆಂದು ಗೊಣಗುತ್ತೇವೆ. ಗೊಣಗಿದ್ದು ಕೆಳಗೆ ಕೇಳಿಸುವುದಿಲ್ಲ.

ಮೇಲೆ ಬಂದು ಇದನ್ನು ಹೇಳಿದಾಗ ಭಾವ ನಕ್ಕರು. “ನಮ್ಮೂರಾಗ ಮೊದಲ ಟಿ.ವಿ. ಬಂದಾಗ ಅದರಾಗಿನ ಕನ್ನಡ ಇದೇ ಹೈದರಾಬಾದಿಂದು. ಈಗ ಹೈದರಾಬಾದಿಗೇ ಬಂದು ಕೂತೀನಿ, ಕನ್ನಡ ಇಲ್ಲ” ಎಂದರು.

ಆ ಮಾತು ನೂರಕ್ಕೆ ನೂರು ನಿಜ. ನಮ್ಮ ಮಕ್ಕಳಿಗೆ ಇದು ತಿಳಿದಿರಲಾರದು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶದಲ್ಲಿ ‘ಸೈಟ್’ ಎಂಬ ಉಪಗ್ರಹ ಟೆಲಿವಿಷನ್ ಪ್ರಯೋಗ ನಡೆಯಿತು. ಅಮೆರಿಕದ ಎ.ಟಿ.ಎಸ್. 6 ಉಪಗ್ರಹವನ್ನು ಬಳಸಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಮುಟ್ಟಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ಬಿಜಾಪುರ, ರಾಯಚೂರು ಭಾಗದ ಹಳ್ಳಿಗಳನ್ನು. ತೆಲುಗಿನ ಜೊತೆಗೆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಒಂದು ಚಿತ್ರದೊಡನೆ ಎರಡು ಭಾಷೆಯ ಧ್ವನಿ ಕಳಿಸುವ ಅನುಕೂಲ ಆ ಏರ್ಪಾಡಿನಲ್ಲಿತ್ತು. ಹಳ್ಳಿಗಳಿಗೆ ಟಿ.ವಿ. ತಯಾರಿಸಿಕೊಟ್ಟದ್ದು 1967ರಲ್ಲಿ ಇಲ್ಲಿ ಸ್ಥಾಪನೆಯಾದ ಇ.ಸಿ.ಐ.ಎಲ್. ಕರ್ನಾಟಕದಲ್ಲಿ ಟಿ.ವಿ. ಟ್ರಾನ್ಸ್‌ಮಿಟರು ಮೊದಲು ಬಂದದ್ದೂ ಬೆಂಗಳೂರಿಗಲ್ಲ, ಗುಲ್ಬರ್ಗಕ್ಕೆ, 1977ರಲ್ಲಿ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು.

ಭಾವನವರಿಗೆ ಆಗ ಇಪ್ಪತ್ತೊಂದು ವರ್ಷ. ಶಾಲೆಯ ಮಾಳಿಗೆಯ ಮೇಲೆ ಬಲೆಯಿಂದ ಮಾಡಿದ ದೊಡ್ಡ ಛತ್ರಿ, ಅಂಗಳದಲ್ಲಿ ಊರಿಗೆ ಊರೇ. ಕಪ್ಪು ಬಿಳುಪು ಚಿತ್ರ. “ಮನಷ್ಯಾರು ಮನಷ್ಯಾರಂಗೇ ಕಾಣತಿದ್ರು” ಎಂದು ಅವರು ಸೇರಿಸಿದರು.

ಹೈದರಾಬಾದಿಗೂ ಕನ್ನಡ ಟಿ.ವಿ.ಗೂ ಇರುವ ನಂಟು ಅಲ್ಲಿಗೇ ಮುಗಿಯಲಿಲ್ಲ. 2000ದಲ್ಲಿ ಆರಂಭವಾದ ಈಟಿವಿ ಕನ್ನಡ, ಊರ ಹೊರಗಿನ ರಾಮೋಜಿ ಫಿಲ್ಮ್ ಸಿಟಿಯಿಂದಲೇ ಬಿತ್ತರವಾಗುತ್ತಿತ್ತು. ಕರ್ನಾಟಕದ ಎಷ್ಟೋ ತರುಣ ತರುಣಿಯರು ಆ ಕೆಲಸಕ್ಕಾಗಿ ಇಲ್ಲಿಗೆ ಬಂದು ನೆಲಸಿದ್ದರು. 2015ರಲ್ಲಿ ಅದು ಕಲರ್ಸ್ ಕನ್ನಡವೆಂದು ಹೆಸರು ಬದಲಿಸಿತು. ಇಲ್ಲಿಂದ ಆಕಾಶಕ್ಕೆ ಹತ್ತಿ ಬೀದರಿನ ಮನೆಮನೆಗೂ ಇಳಿದ ಕನ್ನಡ, ಅಬಿಡ್ಸ್‌ನ ಲಾಡ್ಜಿನ ಪಟ್ಟಿಗೆ ಮಾತ್ರ ಇಳಿಯಲಿಲ್ಲ.

ಮರುದಿನ ನನ್ನ ಮಗ ಬಂದ. ಪಟ್ಟಿಯನ್ನು ಪಕ್ಕಕ್ಕಿಟ್ಟು, ಅದರ ಕೊನೆಯ ಸಂಖ್ಯೆಯಿಂದ ಮುಂದಕ್ಕೆ ಒಂದೊಂದೇ ಒತ್ತುತ್ತ ಹೋದ. ಖಾಸಗಿ ಕನ್ನಡ ಚಾನೆಲುಗಳಲ್ಲಿ ‘ನೀವು ಇದಕ್ಕೆ ಚಂದಾದಾರರಲ್ಲ’ ಎಂಬ ಇಂಗ್ಲಿಷ್ ಒಕ್ಕಣೆ ಬಂತು. ಇನ್ನೂ ಮುಂದೆ ಹೋದಾಗ, ಪಟ್ಟಿಯಲ್ಲಿ ಹೆಸರೇ ಇಲ್ಲದ ಒಂದು ಸಂಖ್ಯೆಯಲ್ಲಿ, ಬೆಂಗಳೂರು ದೂರದರ್ಶನದ ಚಂದನ ಬಂತು. ಕೇಬಲಿನವರು ಕಡ್ಡಾಯವಾಗಿ ಕೊಡಬೇಕಾದ ದೂರದರ್ಶನದ ಚಾನೆಲುಗಳಲ್ಲಿ ಅದೂ ಸೇರಿದೆ. ಅಂದರೆ ಕನ್ನಡ ಆ ಪೆಟ್ಟಿಗೆಯಲ್ಲಿ ಮೊದಲಿನಿಂದಲೂ ಇತ್ತು. ಲಾಡ್ಜಿನವರಿಗೂ ಗೊತ್ತಿರಲಿಲ್ಲ, ಅಲ್ಲಿ ಇಳಿದು ಹೋದ ನಮ್ಮವರಿಗೂ ಗೊತ್ತಿರಲಿಲ್ಲ.

ಆಮೇಲೆ ಅವನು ಸಮೀಪದ ಜಗದೀಶ್ ಮಾರ್ಕೆಟ್ಟಿನಿಂದ ಒಂದು ಎಚ್.ಡಿ.ಎಂ.ಐ. ತಂತಿ ತಂದು ಜೋಡಿಸಿದ. ಮ್ಯಾನೇಜರರು ಡ್ರಾಯರಿನಿಂದ ಟಿ.ವಿ.ಯ ರಿಮೋಟು ತೆಗೆದುಕೊಟ್ಟರು. ಗುಂಡಿ ಒತ್ತಿದೊಡನೆ ಪೈಲ್ವಾನರೆಲ್ಲ ಮನುಷ್ಯರಾದರು. ಆಮೇಲೆ ಮ್ಯಾನೇಜರರೇ ಮೇಲೆ ಬಂದು ನೋಡಿದರು. ಬಹಳ ಹೊತ್ತು ನೋಡಿ, “ಇಷ್ಟು ಚೆನ್ನಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ ಸಾರ್” ಎಂದರು.

ನಾನು ಮೊದಲು ಹೇಳಿದ ಒಂದೇ ಉತ್ತರ ಇದು. ಅಡುಗೆಯವನು ಸಾರಿನ ರುಚಿ ನೋಡುತ್ತಾನೆ, ಅಗಸ ಚಾದರವನ್ನು ಬಿಸಿಲಿಗೆ ಹಿಡಿದು ನೋಡುತ್ತಾನೆ. ಟಿ.ವಿ.ಯನ್ನು ಮಾತ್ರ ಹಾಕಿದವರು ಯಾರೂ ಮಂಚದ ಮೇಲೆ ಕುಳಿತು ಹತ್ತು ನಿಮಿಷ ನೋಡುವುದಿಲ್ಲ. ಬೋರ್ಡಿನಲ್ಲಿ ಬರೆಯಲು ಅದು ಇದ್ದರೆ ಸಾಕು. ಕೆಟ್ಟ ಚಿತ್ರವೂ ಬಾರದ ಭಾಷೆಯೂ ಈ ಒಂದೇ ಅಲಕ್ಷ್ಯದ ಮಕ್ಕಳು. ಇದಕ್ಕೆ ಹಣದ ಕೊರತೆ ಕಾರಣವಲ್ಲ. 2019ರಿಂದ ಬೇಕಾದ ಚಾನೆಲನ್ನು ಬಿಡಿಯಾಗಿ ಆರಿಸಿಕೊಳ್ಳುವ ವ್ಯವಸ್ಥೆಯೂ ಬಂದಿದೆ. ತಂತಿಯ ಬೆಲೆ ಒಂದು ದಿನದ ಬಾಡಿಗೆಗಿಂತ ಎಷ್ಟೋ ಕಡಿಮೆ.

ನಮ್ಮ ಸಂಘದ ಬಾಂಧವರಲ್ಲಿ ಒಂದು ವಿನಂತಿ. ಊರಿನಿಂದ ಬಂದವರಿಗೆ ನೀವು ಕೋಣೆ ಗೊತ್ತುಮಾಡುವಾಗ, ಅಡ್ವಾನ್ಸ್ ಕೊಡುವ ಮೊದಲೇ ಎರಡು ಮಾತು ಕೇಳಿ: ಟಿ.ವಿ.ಯ ರಿಮೋಟು ಕೋಣೆಯಲ್ಲಿದೆಯೇ? ಕನ್ನಡ ಯಾವ ನಂಬರಿನಲ್ಲಿ ಬರುತ್ತದೆ? ಗೊತ್ತಿಲ್ಲವೆಂದರೆ ನೀವೇ ಹುಡುಕಿ, ಪಟ್ಟಿಯಲ್ಲಿ ಬರೆಸಿ. ನಿಮ್ಮ ಹಿಂದೆ ಬರುವ ರೋಗಿಗೆ ಅದು ಉಪಯೋಗಕ್ಕೆ ಬರುತ್ತದೆ.

ಭಾವ ಊರಿಗೆ ಹೊರಟ ದಿನ ಅಕ್ಕ ಕೋಣೆಯ ಪಟ್ಟಿಯ ಮೇಲೆ ಬಾಲ್‌ಪೆನ್ನಿನಿಂದ ‘ಚಂದನ’ ಎಂದು ಕನ್ನಡದಲ್ಲಿ ಬರೆದು ಪಕ್ಕದಲ್ಲಿ ನಂಬರು ಹಾಕಿದಳು. ಪ್ಲಾಸ್ಟಿಕ್ಕಿನ ಮೇಲೆ ಶಾಯಿ ನಿಲ್ಲಲಿಲ್ಲ. ಮ್ಯಾನೇಜರರು ಕೌಂಟರಿನಿಂದ ಮಾರ್ಕರ್ ತರಿಸಿಕೊಟ್ಟರು.