ಪುರುಸೊತ್ತಿಲ್ಲದವರ ವ್ಯಾಯಾಮ

ನಮ್ಮ ಈ ಪತ್ರಿಕೆಯಲ್ಲಿ ಪುಸ್ತಕಗಳ ವಿಮರ್ಶೆ ಬರುವುದುಂಟು, ನಾಟಕಗಳ ವಿಮರ್ಶೆ ಬರುವುದುಂಟು, ಯಕ್ಷಗಾನದ ಆಟ ಹೇಗಾಯಿತೆಂದು ಬರೆಯುವವರೂ ಇದ್ದಾರೆ. ಮೊಬೈಲಿನೊಳಗಿನ ಆ್ಯಪೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಎಷ್ಟು ಉಚಿತವೆಂದು ಓದುಗರು ಕೇಳಬಹುದು. ಪುಸ್ತಕವನ್ನು ನಾವು ತಿಂಗಳಿಗೊಂದು ಓದಿದರೆ ಹೆಚ್ಚು. ಆ್ಯಪಾದರೋ ದಿನಕ್ಕೆ ಹತ್ತು ಸಲ ನಮ್ಮನ್ನು ಓದುತ್ತದೆ. ನಮ್ಮನ್ನು ಓದುವುದನ್ನು ನಾವೂ ಒಮ್ಮೆ ಓದಿ ನೋಡಿದರೆ ತಪ್ಪೇನು?

ನಮ್ಮ ವಾಸ ಮುಂಬ್ರಾದಲ್ಲಿ, ಗುಮಾಸ್ತಗಿರಿ ಫೋರ್ಟಿನ ಒಂದು ಕೇಂದ್ರ ಸರಕಾರಿ ಕಚೇರಿಯಲ್ಲಿ. ವಯಸ್ಸು ನಾಲ್ವತ್ತಾರು. ಕಳೆದ ಸಲ ರಕ್ತಪರೀಕ್ಷೆಯ ಚೀಟಿ ನೋಡಿದ ವೈದ್ಯರು, "ಸಕ್ಕರೆ ಹೊಸ್ತಿಲಲ್ಲಿ ನಿಂತಿದೆ, ಒಳಗೆ ಬರಮಾಡಿಕೊಳ್ಳಬೇಡಿ. ದಿನಾ ಅರ್ಧ ಗಂಟೆ ವ್ಯಾಯಾಮ ಮಾಡಿ" ಎಂದರು. ಪುರುಸೊತ್ತಿಲ್ಲ ಎಂದೆವು. ವಿಷಯ ತಿಳಿದ ಮಗ, "ಪುರುಸೊತ್ತಿಲ್ಲದವರಿಗೆಂದೇ ಮಾಡಿದ್ದು ಅಪ್ಪಾ" ಎಂದು ಆ ಸಂಜೆಯೇ ಒಂದು ಆ್ಯಪನ್ನು ಮೊಬೈಲಿಗೆ ಇಳಿಸಿಕೊಟ್ಟ. ಅದರ ಹೆಸರು ಇಲ್ಲಿ ಬೇಡ. ಆ ಜಾತಿಯವೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು.

ಆ್ಯಪು ಕೇಳಿದ ಮೊದಲ ಪ್ರಶ್ನೆಯೇ "ನಿಮಗೆ ಬಿಡುವು ಯಾವಾಗ?" ಎಂಬುದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಗುಂಡಿಗಳಿದ್ದವು. 'ಇಲ್ಲ' ಎಂಬ ಗುಂಡಿ ಇರಲಿಲ್ಲ. ಬಿಡುವಿಲ್ಲದವನಿಗಾಗಿ ರಚಿಸಿದ ವಸ್ತು ಮೊಟ್ಟಮೊದಲು ಕೇಳಿದ್ದೇ ಬಿಡುವನ್ನು! ಬೆಳಿಗ್ಗೆ ಐದೂವರೆಗೆ ಎದ್ದು ನೀರು ಹಿಡಿದು, ಡಬ್ಬಿ ಕಟ್ಟಿಸಿಕೊಂಡು, ಏಳು ದಾಟುವುದರೊಳಗೆ ಮನೆ ಬಿಟ್ಟು, ಸುಮಾರು ೪೦ ಕಿಲೋಮೀಟರು ಲೋಕಲಿನಲ್ಲಿ ನಿಂತು ಹೋಗಿ, ಸಂಜೆ ಅದೇ ರೀತಿ ನಿಂತು ಬರುವವನು ಯಾವ ಗುಂಡಿ ಒತ್ತಬೇಕು? ಸುಮ್ಮನೆ 'ಸಂಜೆ' ಒತ್ತಿದೆವು. ಅಂದಿನಿಂದ ದಿನವೂ ಸಂಜೆ ಆರೂವರೆಗೆ, ಠಾಣೆಯ ಆಚೆಗೋ ಈಚೆಗೋ ನಾವು ಒಂದೇ ಕಾಲೂರಿ ನಿಂತಿರುವಾಗ, ಜೇಬಿನೊಳಗಿನಿಂದ "ಬಹಳ ಹೊತ್ತು ಕುಳಿತಿದ್ದೀರಿ, ಎದ್ದು ನಿಲ್ಲಿ" ಎಂಬ ಉಪದೇಶ ಬರತೊಡಗಿತು.

ನಾವು ವಿಜ್ಞಾನದ ಪದವೀಧರರು. ಕಲಿತದ್ದು ಕಚೇರಿಯಲ್ಲಿ ಉಪಯೋಗಕ್ಕೆ ಬರದಿದ್ದರೂ ಇಂಥಲ್ಲಿ ಬರುತ್ತದೆ. ಮೊಬೈಲಿನೊಳಗೆ ವೇಗೋತ್ಕರ್ಷವನ್ನು ಅಳೆಯುವ ಪುಟ್ಟ ಉಪಕರಣವೊಂದು ಇರುತ್ತದೆ. ದೇಹದ ಅಲುಗಾಟದ ಲಯವನ್ನು ನೋಡಿ, ಇದು ಹೆಜ್ಜೆಯಿರಬೇಕೆಂದು ಅದು ಲೆಕ್ಕ ಹಾಕುತ್ತದೆ. ಅಲುಗಾಟ ಅದಕ್ಕೆ ಗೊತ್ತು; ಅಲುಗಾಟದ ಕಾರಣ ಗೊತ್ತಿಲ್ಲ. ಗರ್ದಿಯಲ್ಲಿ ಬಿಗಿಯಾಗಿ ನಿಂತವನು ಅದರ ಪಾಲಿಗೆ ಕುಳಿತವನೇ. ಇದನ್ನು ಉಪಕರಣದ ದೋಷವೆನ್ನಲಾಗದು. ಆ ಅಳತೆಯನ್ನೇ ನಂಬಿ ನಮ್ಮ ದಿನಚರಿಗೆ ತೀರ್ಪು ಕೊಡಲು ಹೊರಟ ರಚನೆಯ ದೋಷವದು.

ಇನ್ನು ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂಬ ವೇದವಾಕ್ಯ. ಇದು ವೈದ್ಯಗ್ರಂಥದಿಂದ ಬಂದದ್ದೆಂದು ನಾವು ಬಹುಕಾಲ ನಂಬಿದ್ದೆವು. ೧೯೬೪ರ ಟೋಕಿಯೋ ಒಲಿಂಪಿಕ್ಸಿನ ಮರುವರ್ಷ ಜಪಾನಿನ ಕಂಪೆನಿಯೊಂದು ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವನ್ನು ಮಾರಾಟಕ್ಕೆ ತಂದಿತು. ಅದಕ್ಕೆ ಇಟ್ಟ 'ಮಾನ್ಪೋ ಕೇ' ಎಂಬ ಹೆಸರಿಗೆ ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದೇ ಅರ್ಥ. ಅಂಕಿ ದುಂಡಗಿತ್ತು, ಬಾಯಲ್ಲಿ ನಿಂತಿತು. ೨೦೧೯ರಲ್ಲಿ ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು ೧೬,೭೪೧ ಮಂದಿ ಹಿರಿಯ ಮಹಿಳೆಯರ ಹೆಜ್ಜೆಗಳನ್ನು ಲೆಕ್ಕವಿಟ್ಟು ನೋಡಿದಾಗ, ದಿನಕ್ಕೆ ೪,೪೦೦ ಹೆಜ್ಜೆ ಇಡುವವರಲ್ಲೇ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. ೭,೫೦೦ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಅದು ಸರಾಸರಿ ೭೨ ವರ್ಷದವರ ಲೆಕ್ಕ, ಎಲ್ಲರಿಗೂ ಹಾಗೆಯೇ ಹೊಂದಬೇಕೆಂದಿಲ್ಲ. ಆದರೂ ಹತ್ತು ಸಾವಿರ ಮುಟ್ಟದ ದಿನ ಕೆಂಪು ಅಕ್ಷರದಲ್ಲಿ 'ವಿಫಲ' ಎಂದು ಬರೆಯುವ ಆ್ಯಪಿಗೆ ಈ ಮಾತನ್ನು ಯಾರಾದರೂ ಹೇಳಬೇಡವೇ?

ನಮ್ಮ ಗುಮಾಸ್ತ ಬಂಧುಗಳಿಗೆ ಇದಕ್ಕಿಂತಲೂ ಹತ್ತಿರದ ಒಂದು ಸಂಶೋಧನೆಯಿದೆ. ೧೯೫೩ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ಸು ನೌಕರರ ಹೃದ್ರೋಗದ ಲೆಕ್ಕವನ್ನು ಪ್ರಕಟಿಸಿದರು. ದಿನವಿಡೀ ಕುಳಿತೇ ಇರುವ ಡ್ರೈವರುಗಳಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯಿತ್ತು. ಅಂಚೆ ಇಲಾಖೆಯಲ್ಲೂ ಹಾಗೆಯೇ: ಓಲೆ ಹಂಚುತ್ತ ತಿರುಗುವವರ ಸ್ಥಿತಿ ಮೇಜಿನ ಗುಮಾಸ್ತರಿಗಿಂತ ಮೇಲು. ಆ ಕಂಡಕ್ಟರರು ವ್ಯಾಯಾಮಕ್ಕೆಂದು ಬಿಡುವು ಮಾಡಿಕೊಂಡವರಲ್ಲ. ಕೆಲಸದೊಳಗೇ ಅವರಿಗೆ ವ್ಯಾಯಾಮ ದೊರಕಿತ್ತು. ಪುರುಸೊತ್ತಿಲ್ಲದವರಿಗೆ ಏನಾದರೂ ರಚಿಸಹೊರಟವರು ಮೊದಲು ಓದಬೇಕಾದ ಪಾಠವಿದು.

ಸರಕಾರವೂ ಈ ದಿಕ್ಕಿನಲ್ಲಿ ಕೈಹಾಕಿದೆ. 'ಫಿಟ್ ಇಂಡಿಯಾ' ಆಂದೋಲನ ಆರಂಭವಾದದ್ದು ೨೦೧೯ರ ಆಗಸ್ಟ್ ೨೯ರಂದು. ಅದರ ಆ್ಯಪು ಬಂದದ್ದು ಎರಡು ವರ್ಷಗಳ ಬಳಿಕ, ಅದೇ ದಿನ. ೨೦೨೧ರ ಸೆಪ್ಟೆಂಬರ್ ೧ರಂದು ಆಯುಷ್ ಮಂತ್ರಾಲಯ 'ವೈ ಬ್ರೇಕ್' ಎಂಬ ಆ್ಯಪನ್ನು ಹೊರತಂದಿತು. ಕೆಲಸದ ನಡುವೆ ಐದು ನಿಮಿಷದ ಯೋಗವೆಂಬುದು ಅದರ ಸಾರ. ತಾಡಾಸನ, ಸ್ಕಂಧಚಕ್ರ, ಕಟಿಚಕ್ರಾಸನ, ಅರ್ಧಚಕ್ರಾಸನ, ನಾಡೀಶೋಧನ, ಭ್ರಾಮರಿ, ಕೊನೆಗೆ ಧ್ಯಾನ. ಮೊರಾರ್ಜಿ ದೇಸಾಯಿ ರಾಷ್ಟ್ರೀಯ ಯೋಗ ಸಂಸ್ಥೆ ಇದನ್ನು ರೂಪಿಸುವಾಗ ನಮ್ಮ ಬೆಂಗಳೂರಿನ ನಿಮ್ಹಾನ್ಸ್, ಲೋನಾವಳದ ಕೈವಲ್ಯಧಾಮದಂಥ ಸಂಸ್ಥೆಗಳ ಸಲಹೆ ಪಡೆದಿತ್ತು. ಅದೇ ತಿಂಗಳು ಸಿಬ್ಬಂದಿ ಇಲಾಖೆಯಿಂದ ಕೇಂದ್ರದ ಕಚೇರಿಗಳಿಗೆ ಇದನ್ನು ಬಳಸಿರೆಂದು ಪತ್ರ ಬಂದಿತು. ೨೦೨೩ರಲ್ಲಿ ಕುರ್ಚಿಯಲ್ಲೇ ಕುಳಿತು ಮಾಡುವ ಕ್ರಮವೂ ಬಂದಿತು.

ಇದರ ನಿಜವಾದ ಗುಣ ಆಸನಗಳ ಆಯ್ಕೆಯಲ್ಲಿಲ್ಲ, ಆ ಪತ್ರದಲ್ಲಿದೆ. ಕಚೇರಿಯ ವೇಳೆಯಲ್ಲಿ ಐದು ನಿಮಿಷ ಕೈಯೆತ್ತಿ ನಿಂತರೆ ಅದು ಕೆಲಸಗಳ್ಳತನವಲ್ಲವೆಂದು ಮೇಲಿನವರು ಬರವಣಿಗೆಯಲ್ಲಿ ಒಪ್ಪಿದ್ದಾರೆ. ನೌಕರನಿಗೆ ಬಿಡುವು ಹುಡುಕಿಕೋ ಎನ್ನುವ ಬದಲು ಬಿಡುವನ್ನೇ ಕೊಟ್ಟ ರಚನೆಯಿದು. ವಿಶ್ವ ಆರೋಗ್ಯ ಸಂಸ್ಥೆಯೂ ೨೦೨೦ರಲ್ಲಿ, ವ್ಯಾಯಾಮ ಒಮ್ಮೆಗೆ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ನಿಯಮವನ್ನು ಕೈಬಿಟ್ಟು, ಚೂರುಪಾರೂ ಲೆಕ್ಕಕ್ಕೆ ಬರುತ್ತದೆಂದು ಹೇಳಿದೆ. ಕೊರತೆಯೆಂದರೆ, ಈ ರಚನೆ ನಮ್ಮನ್ನು ಕಚೇರಿಯ ಬಾಗಿಲಿನಿಂದ ಈಚೆಗೆ ಮಾತ್ರ ಕಾಣುತ್ತದೆ. ನಮ್ಮ ದೇಹ ಸವೆಯುವುದು ಬಹುಮಟ್ಟಿಗೆ ಆಚೆ, ಹಳಿಯ ಮೇಲೆ.

ಈ ಮಾತಿಗೆ ಕಾರಣವಾದ ಒಂದು ಪ್ರಸಂಗವನ್ನು ಹೇಳಲೇಬೇಕು. ಒಂದು ಬೆಳಿಗ್ಗೆ ತಡವಾಗಿತ್ತು. ಮುಂಬ್ರಾ ನಿಲ್ದಾಣದ ಸೇತುವೆಯ ಮೆಟ್ಟಿಲನ್ನು ಎರಡೆರಡಾಗಿ ಇಳಿದು, ಹೊರಟ ಗಾಡಿಯ ಹಿಂದೆ ಓಡಿ, ಬಾಗಿಲ ಕಂಬಿ ಹಿಡಿದು, ಯಾರದೋ ಕೈ ಎಳೆದುಕೊಂಡದ್ದರಿಂದ ಒಳಗಾದೆವು. ಕಳವಾ ದಾಟಿದ ಮೇಲೆ ಮೊಬೈಲು ತೆಗೆದು ನೋಡಿದರೆ ಆ್ಯಪು ಹೂಮಳೆ ಸುರಿಸುತ್ತಿತ್ತು: "ಶಾಬಾಸ್! ಹೃದಯಕ್ಕೆ ಒಳ್ಳೆಯ ವ್ಯಾಯಾಮ!" ನಮ್ಮ ಕೈ ನಡುಗಿತು.

ಏಕೆಂದರೆ ೨೦೨೫ರ ಜೂನ್ ೯ರ ಬೆಳಿಗ್ಗೆ ಇದೇ ಮುಂಬ್ರಾದ ತಿರುವಿನಲ್ಲಿ, ಎದುರುಬದುರಾಗಿ ಹಾದುಹೋಗುತ್ತಿದ್ದ ಎರಡು ಲೋಕಲುಗಳ ಬಾಗಿಲಲ್ಲಿ ಜೋತಾಡುತ್ತಿದ್ದವರು ಹಳಿಗೆ ಬಿದ್ದಿದ್ದರು. ಕನಿಷ್ಠ ನಾಲ್ವರು ಮಡಿದರು. ಹೊಸ ಗಾಡಿಗಳಿಗೆ ತಾನಾಗಿ ಮುಚ್ಚುವ ಬಾಗಿಲು ಇಡುವುದಾಗಿ ರೈಲ್ವೆಯವರು ಅಂದು ಘೋಷಿಸಿದರು. ಮಡಿದವರೂ ನಮ್ಮಂತೆ ಪುರುಸೊತ್ತಿಲ್ಲದವರೇ. ಅಂಥ ಓಟಕ್ಕೆ ಚಪ್ಪಾಳೆ ತಟ್ಟುವ ವಸ್ತುವನ್ನು ಆರೋಗ್ಯದ ಸಾಧನವೆಂದು ಕರೆಯಲು ನಮಗೆ ಮನಸ್ಸಾಗುವುದಿಲ್ಲ. ನಮ್ಮ ಊರಿಗೆ ಆ್ಯಪು ಮಾಡುವವನು, ನಿಲ್ದಾಣದ ಬಳಿ ಓಟ ಕಂಡಾಗ "ಮುಂದಿನ ಗಾಡಿಗೆ ಹೋಗಿ" ಎನ್ನುವುದನ್ನು ಅದಕ್ಕೆ ಕಲಿಸಲಿ. ಅಷ್ಟರಿಂದಲೇ ಅದು ಹತ್ತು ಸಾವಿರ ಹೆಜ್ಜೆಯ ಪುಣ್ಯ ಕಟ್ಟಿಕೊಂಡೀತು.

ಮನೆಯಾಕೆಯ ವಿಮರ್ಶೆ ಇನ್ನೂ ಹರಿತ. ಲಿಫ್ಟು ಕೆಟ್ಟ ದಿನ ಎರಡು ಕೈಯಲ್ಲೂ ನೀರಿನ ಕ್ಯಾನು ಹಿಡಿದು ನಾಲ್ಕನೆಯ ಮಾಳಿಗೆಗೆ ಹತ್ತಿಬಂದವಳು, "ರೀ, ಇದನ್ನು ನಿಮ್ಮ ಆ್ಯಪು ಬರೆದುಕೊಂಡಿತೇ?" ಎಂದು ಕೇಳಿದಳು. ಅವಳ ಮೊಬೈಲು ಅಡಿಗೆಮನೆಯ ಶೆಲ್ಫಿನ ಮೇಲಿತ್ತು. ೨೦೨೪ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಬಂದ ಅಂದಾಜಿನಂತೆ, ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಸಾಲುವಷ್ಟು ದೈಹಿಕ ಚಟುವಟಿಕೆಯಿಲ್ಲ. ಹೆಂಗಸರಲ್ಲಿ ಶೇಕಡ ೫೭, ಗಂಡಸರಲ್ಲಿ ೪೨. ಆ ಲೆಕ್ಕ ಜನರನ್ನು ಕೇಳಿ ಬರೆದುಕೊಂಡ ಸಮೀಕ್ಷೆಗಳದು, ಅದರಲ್ಲಿ ಮನೆಗೆಲಸವೂ ಸೇರುತ್ತದೆ. ಆ್ಯಪಿನ ಲೆಕ್ಕದಲ್ಲಾದರೆ ಮೊಬೈಲು ಹೊತ್ತು ಮಾಡದ ದುಡಿಮೆ ದುಡಿಮೆಯೇ ಅಲ್ಲ.

ಹಾಗಾದರೆ ಪುರುಸೊತ್ತಿಲ್ಲದವರಿಗಾಗಿ ರಚಿಸುವುದು ಸಾಧ್ಯವೇ ಇಲ್ಲವೇ? ಈ ಮುಂಬಯಿಯಲ್ಲಿ ನಮ್ಮವರೇ ಅದನ್ನು ಮಾಡಿ ತೋರಿಸಿದ್ದಾರೆ. ಊರು ಬಿಟ್ಟು ಬಂದು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ಕನ್ನಡದ ರಾತ್ರಿಶಾಲೆಗಳನ್ನು ಕಟ್ಟಿದವರು, "ನಿಮಗೆ ಬಿಡುವು ಯಾವಾಗ?" ಎಂದು ಕೇಳುತ್ತ ಕೂರಲಿಲ್ಲ. ಹೋಟೆಲಿನ ಕೆಲಸ ಮುಗಿಯುವ ಹೊತ್ತಿಗೆ ಶಾಲೆಯ ದೀಪ ಹಚ್ಚಿದರು. ಒಂದು ದಿನ ತಪ್ಪಿಸಿಕೊಂಡವನನ್ನು 'ವಿಫಲ' ಎನ್ನದೆ ಮರುದಿನ ಮತ್ತೆ ಕೂರಿಸಿಕೊಂಡರು. ಪಾಠವನ್ನು ಅವನ ಭಾಷೆಯಲ್ಲೇ ಹೇಳಿದರು. ಅಲ್ಲಿ ಕಲಿತು ದೊಡ್ಡವರಾದವರು ನಮ್ಮ ಸಂಘಗಳಲ್ಲೇ ಎಷ್ಟು ಮಂದಿಯಿಲ್ಲ! ಇದ್ದ ಬದುಕಿನ ಬಿರುಕಿನಲ್ಲಿ ಜಾಗ ಹುಡುಕುವುದು ರಚಿಸುವವನ ಕೆಲಸವೇ ಹೊರತು ಬಳಸುವವನದಲ್ಲ ಎಂಬುದನ್ನು ಅವರು ಅರಿತಿದ್ದರು.

ನಾವು ಕೊನೆಗೆ ಕಾಗದದ ಮೇಲೆ ನಮ್ಮದೇ ಲೆಕ್ಕ ಹಾಕಿದೆವು. ಮನೆಯಿಂದ ನಿಲ್ದಾಣಕ್ಕೆ ನಡೆದರೆ ಹನ್ನೆರಡು ನಿಮಿಷ, ಆ ತುದಿಯಲ್ಲಿ ಕಚೇರಿಗೆ ಎಂಟು ನಿಮಿಷ. ಹೋಗಿ ಬರಲು ನಾಲ್ವತ್ತು. ವಾರದ ಐದು ದಿನಕ್ಕೆ ಇನ್ನೂರು ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಬಿರುಸು ನಡಿಗೆಯಂಥ ಚಟುವಟಿಕೆ. ನಮ್ಮ ವ್ಯಾಯಾಮವನ್ನು ಇಷ್ಟು ದಿನ ನುಂಗುತ್ತಿದ್ದುದು ಶೇರ್ ರಿಕ್ಷಾ! ಅದನ್ನು ಬಿಟ್ಟೆವು. ಮನೆಯಿಂದ ಹತ್ತು ನಿಮಿಷ ಮೊದಲೇ ಹೊರಡುತ್ತೇವೆ, ಒಂದು ಗಾಡಿ ತಪ್ಪಿದರೆ ತಪ್ಪಲೆಂದು ಬಿಡುತ್ತೇವೆ. ಮಧ್ಯಾಹ್ನ ಮೂರೂವರೆಗೆ ಸೆಕ್ಷನ್ನಿನ ಮೂವರು ಎದ್ದು ಐದು ನಿಮಿಷ ಕೈಕಾಲು ಆಡಿಸುತ್ತೇವೆ. ಮೊದಲು ನಗುತ್ತಿದ್ದವರಲ್ಲಿ ಒಬ್ಬರು ಈಗ ಸೇರಿಕೊಂಡಿದ್ದಾರೆ.

ಮಗ ಇಳಿಸಿಕೊಟ್ಟ ಆ್ಯಪನ್ನು ತೆಗೆದುಹಾಕಿದ್ದೇವೆ. ಅವನಿಗೆ ಸ್ವಲ್ಪ ಬೇಸರವಾಯಿತು. "ಹಾಗಾದರೆ ನೀವು ಹೇಳಿದಂಥದ್ದನ್ನು ನಾನೇ ಮಾಡುತ್ತೇನೆ" ಎಂದಿದ್ದಾನೆ. ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಈ ವಿದ್ಯೆ ಬಲ್ಲ ಕನ್ನಡದ ಮಕ್ಕಳು ಬೇಕಾದಷ್ಟಿದ್ದಾರೆ. ಅವರು ಒಂದು ವಾರ ತಮ್ಮ ತಂದೆತಾಯಿಯರ ಜತೆ ಲೋಕಲಿನಲ್ಲಿ ನಿಂತು ಬಂದು, ಅನಂತರ ಗುಂಡಿಗಳನ್ನು ಜೋಡಿಸಲಿ ಎಂಬುದಷ್ಟೇ ನಮ್ಮ ವಿನಂತಿ.

ಮೊನ್ನೆ ಮತ್ತೆ ರಕ್ತಪರೀಕ್ಷೆಯಾಯಿತು. ಸಕ್ಕರೆ ಇನ್ನೂ ಹೊಸ್ತಿಲಲ್ಲೇ ನಿಂತಿದೆ, ಒಳಗೆ ಬಂದಿಲ್ಲ.