ಬಸ್ಸು ನಿಂತಿದೆ, ಯಾರಿಗಾಗಿ ಕಾಯುತ್ತಿದೆ?

ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಆಟವನ್ನು ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಸಂಸ್ಥೆ 2012ರ ಅಕ್ಟೋಬರಿನಲ್ಲಿ ಹೊರತಂದಿತು. ಜೇವರ್ಗಿ ತಾಲೂಕಿನ ನಮ್ಮ ಅಂದೋಲಾದಲ್ಲಿ ಅದನ್ನು ಆಡುವ ಹುಡುಗರ ಪರದೆಯ ಮೇಲೆ ಈಗ ಯೂರೋಪೂ ಇಲ್ಲ, ಟ್ರಕ್ಕೂ ಇಲ್ಲ. ಟ್ರಕ್ಕಿನ ಜಾಗದಲ್ಲಿ ಸರ್ಕಾರಿ ಬಸ್ಸು ಬಂದಿದೆ. ಜರ್ಮನಿಯ ಹೆದ್ದಾರಿ ಇದ್ದಲ್ಲಿ ಯಾರೋ ಪ್ರೀತಿಯಿಂದ ಕೂಡಿಸಿದ ಭಾರತದ ರಸ್ತೆ ಬಂದಿದೆ. ಹಾರ್ನ್ ಬೇರೆ, ಎಂಜಿನ್ನಿನ ಸದ್ದು ಬೇರೆ, ಎದುರಿಗೆ ಬರುವ ಲಾರಿ, ಟಂಟಂ ಎಲ್ಲವೂ ಬೇರೆ. ಮೂಲ ಆಟದ ಮೇಲೆ ಹೀಗೆ ಹೊರಗಿನವರು ಸೇರಿಸಿದ ಒಂದೊಂದು ಕಂತೆಗೂ ಮಾಡ್ ಎನ್ನುತ್ತಾರೆ. ಮೊಬೈಲಿನಲ್ಲಿ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಆಡಿ, ಬಸ್ಸಿಗೆ ನಮ್ಮ ಬಣ್ಣ ಬಳಿದು ರುಚಿ ಹತ್ತಿದವರು ಕಂಪ್ಯೂಟರಿಗೆ ಬಂದಾಗ ಮೊದಲು ಹುಡುಕುವುದೂ ಇದನ್ನೇ. ನನಗೆ ಇದು ಬಲು ಮೆಚ್ಚುಗೆಯ ಹವ್ಯಾಸ. ಯಾರದೋ ಊರಿನ ಆಟದಲ್ಲಿ ನಮ್ಮ ಊರಿನ ಬೋರ್ಡು ಕಾಣಬೇಕೆಂಬ ಹಟ ದೊಡ್ಡದು.

ಆದರೆ ಮಾಡ್‌ಗಳು ಇಪ್ಪತ್ತು ದಾಟಿದವೆಂದರೆ ಒಂದು ಫೋನ್ ಬಂದೇ ಬರುತ್ತದೆ: "ಅಣ್ಣಾ, ಗೇಮ್ ಹ್ಯಾಂಗ್ ಆಗ್ಲಾಕತ್ತದ. ತೆಗ್ದು ಮತ್ ಹಾಕ್ಲೇನು?"

ಹಾಕಬೇಡಪ್ಪ ಎನ್ನುವುದೇ ನನ್ನ ಮೊದಲ ಮಾತು. ತೆಗೆದು ಮತ್ತೆ ಹಾಕುವುದು ವೈಫೈ ಧಾರಾಳವಾಗಿರುವ ನಗರದವರ ಮದ್ದು. ದಿನಕ್ಕೆ ಒಂದೂವರೆ ಎರಡು ಜಿಬಿಯ ಮೊಬೈಲ್ ಡೇಟಾ ನಂಬಿದವನಿಗೆ ಅದು ವಾರಗಟ್ಟಲೆಯ ಶಿಕ್ಷೆ. ಅದಕ್ಕಿಂತ ಮುಖ್ಯ ಮಾತೆಂದರೆ, ಅದರಿಂದ ಬಹಳ ಸಲ ಏನೂ ಆಗುವುದಿಲ್ಲ. ಈ ಆಟದ ಮಾಡ್‌ಗಳು, ಪ್ರೊಫೈಲು, ಸೇವ್ ಮಾಡಿದ ಕಡತಗಳು ಇರುವುದು ಆಟದ ಫೋಲ್ಡರಿನಲ್ಲಲ್ಲ, ವಿಂಡೋಸಿನ ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ಆಟದ ಹೆಸರಲ್ಲಿರುವ ಫೋಲ್ಡರಿನಲ್ಲಿ. ಆಟ ತೆಗೆದರೂ ಅದು ಅಲ್ಲೇ ಉಳಿಯುತ್ತದೆ. ಹೊಸದಾಗಿ ಹಾಕಿದ ಆಟ ಅದೇ ಹಳೆಯ ಮಾಡ್‌ಗಳನ್ನು ಎತ್ತಿಕೊಂಡು ಅದೇ ಜಾಗದಲ್ಲಿ ಮತ್ತೆ ನಿಲ್ಲುತ್ತದೆ. ಮೂಲ ಕಡತವೇ ಕೆಟ್ಟಿರಬಹುದು ಎಂಬ ಸಂಶಯವಿದ್ದರೆ, ಆಟ ಇಳಿಸಿಕೊಂಡ ಸ್ಟೀಮ್ ಅಂಗಡಿಯ ಪ್ರೋಗ್ರಾಮಿನಲ್ಲಿ ಕಡತಗಳನ್ನು ತಾಳೆ ನೋಡುವ ಆಯ್ಕೆ ಇದೆ. ಅದು ಕೆಟ್ಟದ್ದನ್ನಷ್ಟೇ ಮತ್ತೆ ಇಳಿಸಿಕೊಳ್ಳುತ್ತದೆ. ಆಡುತ್ತಿರುವಾಗ ಕರೆಂಟು ಹೋಗಿ ಕಂಪ್ಯೂಟರ್ ಏಕಾಏಕಿ ಆರಿದ್ದರೆ ಅದನ್ನು ಮಾಡುವುದು ಒಳ್ಳೆಯದು.

ಎರಡನೆಯ ಮಾತು: ಹ್ಯಾಂಗ್ ಆಗುವುದಕ್ಕೂ ಆಟ ಬಿದ್ದುಹೋಗುವುದಕ್ಕೂ ಅಂತರವಿದೆ. ಬಿದ್ದ ಆಟ ಮುಚ್ಚಿಕೊಂಡು ಡೆಸ್ಕ್‌ಟಾಪಿಗೆ ತಂದು ಬಿಡುತ್ತದೆ; ಆಗಬಾರದ್ದೊಂದು ಆಗಿಹೋಗಿರುತ್ತದೆ. ಹ್ಯಾಂಗ್ ಆದ ಆಟ ಹೆಚ್ಚಿನ ಸಲ ಕಾಯುತ್ತಿರುತ್ತದೆ. ಡಿಸ್ಕಿನಿಂದ ಬರಬೇಕಾದ ಕಡತಕ್ಕೆ, ಗ್ರಾಫಿಕ್ಸ್ ಕಾರ್ಡ್ ಮುಗಿಸಬೇಕಾದ ಕೆಲಸಕ್ಕೆ, ಜೊತೆಗೇ ಓಡುವ ಇನ್ನೊಂದು ಕೆಲಸದ ಎಳೆ (ಥ್ರೆಡ್) ಬಿಟ್ಟುಕೊಡಬೇಕಾದ ಬೀಗಕ್ಕೆ. ನಿಲ್ದಾಣದಲ್ಲಿ ನಿಂತ ಬಸ್ಸು ಕೆಟ್ಟಿದೆಯೋ, ಎಂಟ್ರಿ ಮಾಡಿಸಲು ಹೋದ ಕಂಡಕ್ಟರನಿಗಾಗಿ ಕಾಯುತ್ತಿದೆಯೋ ಎಂದು ಕೇಳದೆ ಯಾರೂ ಎಂಜಿನ್ ಬಿಚ್ಚುವುದಿಲ್ಲವಲ್ಲ. ಇಲ್ಲಿಯೂ ಕೇಳಬೇಕಾದದ್ದು ಅದೇ: ಆಟ ಯಾರಿಗಾಗಿ ಕಾಯುತ್ತಿದೆ? ಹ್ಯಾಂಗಿನ ಮೇಲೆ ನಾನು ಮಾಡುವ ಎಲ್ಲ ತಪಾಸಣೆಯೂ ಈ ಒಂದು ಪ್ರಶ್ನೆಯಿಂದ ಹೊರಡುತ್ತದೆ.

ಹಾಗಾಗಿ ಫೋನ್ ಮಾಡಿದವನಿಗೆ ಕೇಳುತ್ತೇನೆ: "ಎಲ್ಲಿ ನಿಲ್ತದ? ಎಷ್ಟ್ ಹೊತ್ತು ನಿಲ್ತದ? ನಿಂತಾಗ ಆವಾಜ್ ಬರ್ತದೋ ಇಲ್ಲೋ?"

ಸದ್ದಿನಿಂದ ಶುರು ಮಾಡೋಣ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಚಿತ್ರ ನಿಂತರೂ ಎಂಜಿನ್ನಿನ ಗುಡುಗುಡು ಸಲೀಸಾಗಿ ಬರುತ್ತಿದ್ದರೆ ಆಟದ ಒಂದು ಭಾಗವಷ್ಟೇ ಕಾಯುತ್ತಿದೆ, ಉಳಿದದ್ದು ಜೀವಂತವಿದೆ. ಒಂದು ತುಣುಕು ಸದ್ದೇ ಝರ್ ಎಂದು ಮತ್ತೆಮತ್ತೆ ಬರುತ್ತಿದ್ದರೆ ಸದ್ದಿನ ಬಫರನ್ನು ತುಂಬುವವರೇ ಇಲ್ಲ. ಗ್ರಾಫಿಕ್ಸ್ ಡ್ರೈವರೋ, ಇಡೀ ಯಂತ್ರವೋ ಸಿಕ್ಕಿಬಿದ್ದಿರುವ ಸಾಧ್ಯತೆ ಹೆಚ್ಚು. ಆಗ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರಿದರೆ ವಿಂಡೋಸ್ ಉಸಿರಾಡುತ್ತಿದೆ. ಹತ್ತದಿದ್ದರೆ ಮಾಡ್ ಬಿಟ್ಟು ಯಂತ್ರದ ಕಡೆ ನೋಡಬೇಕು. ಗ್ರಾಫಿಕ್ಸ್ ಕಾರ್ಡ್ ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ತಾನೇ ಡ್ರೈವರನ್ನು ಎಬ್ಬಿಸಲು ನೋಡುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮರಳುವುದು ಇದರಿಂದಲೇ, ಈವೆಂಟ್ ವ್ಯೂವರಿನಲ್ಲಿ ಅದರ ದಾಖಲೆಯೂ ಉಳಿಯುತ್ತದೆ.

ಎಷ್ಟು ಹೊತ್ತು ಎಂಬುದರಲ್ಲಿ ಅವಸರ ಬೇಡ. ಒಂದು ಕಿಟಕಿ ಐದು ಸೆಕೆಂಡ್ ಮಾತಿಗೆ ಓಗೊಡದಿದ್ದರೆ ವಿಂಡೋಸ್ ಅದನ್ನು ಬಿಳುಚಿಸಿ, ಪ್ರತಿಕ್ರಿಯೆ ಇಲ್ಲ ಎಂದು ಬರೆಯುತ್ತದೆ. ಅದು ಸಾವಿನ ಪ್ರಮಾಣಪತ್ರವಲ್ಲ. ದೊಡ್ಡ ಮ್ಯಾಪ್ ಮಾಡ್ ಹಾಕಿ ಹಳೆಯ ಹಾರ್ಡ್ ಡಿಸ್ಕಿನಿಂದ ಮೊದಲ ಬಾರಿ ಲೋಡ್ ಮಾಡುವಾಗ ನಿಮಿಷಗಳೇ ಹಿಡಿಯಬಹುದು. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ನೂರಕ್ಕೆ ನೂರು ದುಡಿಯುತ್ತಿದ್ದರೆ ಕೈಕಟ್ಟಿ ಕೂಡಬೇಕು. ಡಿಸ್ಕೂ ಸುಮ್ಮನಿದೆ, ಪ್ರೊಸೆಸರೂ ಸುಮ್ಮನಿದೆ, ಆಟವೂ ಸುಮ್ಮನಿದೆ ಎಂದಾದರೆ ಒಂದು ಇನ್ನೊಂದಕ್ಕಾಗಿ ಕಾಯುತ್ತ ಕೂತಿದೆ ಎಂದೇ ನನ್ನ ಮೊದಲ ಅನುಮಾನ. ವಿಂಡೋಸ್ 7ರ ಕಾಲದಿಂದ ರಿಸೋರ್ಸ್ ಮಾನಿಟರಿನಲ್ಲಿ ಈ ಕಾಯುವಿಕೆಯ ಸರಪಳಿಯನ್ನು ತೋರಿಸುವ ಸೌಲಭ್ಯವಿದೆ. ನಿಂತ ಆಟದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಅನಲೈಜ್ ವೇಟ್ ಚೈನ್ ಆಯ್ದರೆ ಅದು ಬೇರೆ ಯಾವ ಪ್ರೋಗ್ರಾಮಿಗಾಗಿ ಕಾದಿದೆ ಎಂಬುದು ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಇಷ್ಟು ಉಪಯೋಗದ ಈ ಕಿಟಕಿಯನ್ನು ಆಟಗಾರರು ತೆರೆಯುವುದೇ ಇಲ್ಲ ಎಂಬುದು ನನ್ನ ಬೇಸರ.

ಎಲ್ಲಿ ಎನ್ನುವುದು ಎಲ್ಲಕ್ಕಿಂತ ದೊಡ್ಡ ಸುಳಿವು. ಪ್ರತಿ ಸಲ ಒಂದೇ ತಿರುವಿನಲ್ಲಿ, ಒಂದೇ ಊರಿನ ಹೊರವಲಯದಲ್ಲಿ ನಿಂತರೆ ಆ ಜಾಗದ ಯಾವುದೋ ಕಡತ ಕೆಟ್ಟಿದೆ ಅಥವಾ ಇಲ್ಲವೇ ಇಲ್ಲ. ಜಾಗ ಬದಲಾಗುತ್ತದೆ, ಆದರೆ ಅರ್ಧ ಗಂಟೆ ಆಡಿದ ಮೇಲೆಯೇ ನಿಲ್ಲುತ್ತದೆ ಎಂದರೆ ಮೆಮೊರಿ ತುಂಬುತ್ತಿದೆ ಇಲ್ಲವೇ ಯಂತ್ರ ಕಾಯುತ್ತಿದೆ, ಅಂದರೆ ಬಿಸಿಯಾಗುತ್ತಿದೆ. ಸಮಯಕ್ಕೆ ಸರಿಯಾಗಿ, ಆಟ ತಾನಾಗಿ ಸೇವ್ ಆಗುವ ಹೊತ್ತಿಗೇ ತಡವರಿಸಿದರೆ ಡಾಕ್ಯುಮೆಂಟ್ಸ್ ಫೋಲ್ಡರನ್ನು ನೋಡಿ. ಅದನ್ನು ಒನ್‌ಡ್ರೈವ್ ತನ್ನ ಸುಪರ್ದಿಗೆ ತೆಗೆದುಕೊಂಡು ಪ್ರತಿ ಸೇವನ್ನೂ ನಮ್ಮ ಬಡ ನೆಟ್‌ವರ್ಕಿನಲ್ಲಿ ಮೇಲೆ ಕಳಿಸಲು ಹೆಣಗುತ್ತಿರಬಹುದು. ಆಂಟಿವೈರಸ್ ಆ ಫೋಲ್ಡರಿಗೆ ಕಾವಲು ನಿಂತು ಬರೆಯಲು ಬಿಡದೆಯೂ ಇರಬಹುದು.

ಬಿಸಿಯ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ತಂಪು ದೇಶದವರು ಬರೆದ ಸಲಹೆಗಳಲ್ಲಿ ಇದು ಕೊನೆಗೆ ಬರುತ್ತದೆ, ನಮ್ಮಲ್ಲಿ ಮೊದಲು ಬರಬೇಕು. ಕಲಬುರಗಿ ಜಿಲ್ಲೆಯ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಪ್ರೊಸೆಸರಿನ ಫ್ಯಾನು ಊದುವುದು ಕೋಣೆಯೊಳಗಿನ ಗಾಳಿಯನ್ನೇ. ಒಳಗೆ ನೂರು ಡಿಗ್ರಿಯ ಹತ್ತಿರ ಹೋದಂತೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಆಟ ತಡವರಿಸುತ್ತದೆ, ಮತ್ತೆ ಓಡುತ್ತದೆ, ಮತ್ತೆ ತಡವರಿಸುತ್ತದೆ. ಇದಕ್ಕೆ ಧೂಳೂ ಸೇರುತ್ತದೆ. ಎರೆಹೊಲದ ಬೇಸಿಗೆಯ ಧೂಳು, ತೊಗರಿ ರಾಶಿಯ ಕಾಲದ ಹೊಟ್ಟು ಎರಡೂ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಗಟ್ಟಿಯಾಗಿ ಕೂರುತ್ತವೆ. ಚಳಿಗಾಲದಲ್ಲಿ ಸರಾಗ ಓಡಿದ ಅದೇ ಮಾಡ್‌ಗಳು ಬೇಸಿಗೆಯಲ್ಲಿ ನಿಂತರೆ ಮಾಡ್ ಮಾಡಿದವನನ್ನು ಬಯ್ಯುವ ಮುಂಚೆ ಪೆಟ್ಟಿಗೆ ಬಿಚ್ಚಿ, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಧೂಳು ತೆಗೆಯಿರಿ. ಬೆಳಗಿನ ಜಾವ ಆಡಿದಾಗ ನಿಲ್ಲದೆ ಮಧ್ಯಾಹ್ನವಷ್ಟೇ ನಿಂತರೆ ಉತ್ತರ ಅರ್ಧ ಸಿಕ್ಕಂತೆ.

ಈಗ ಮಾಡ್‌ಗಳ ಒಳಗಿನ ಸಂಗತಿ. ನನ್ನ ಅನುಭವದಲ್ಲಿ ಭಾರತದ ಬಸ್ ಮಾಡ್‌ಗಳ ದೊಡ್ಡ ರೋಗ ಒಂದಕ್ಕೊಂದರ ಜಗಳವಲ್ಲ, ಭಾರ. 4096 ಗುಣಿಲೆ 4096 ಚುಕ್ಕಿಯ ಒಂದು ಚಿತ್ರವನ್ನು ಕುಗ್ಗಿಸದೆ ಇಟ್ಟರೆ ಗ್ರಾಫಿಕ್ಸ್ ಮೆಮೊರಿಯಲ್ಲಿ 64 ಎಂಬಿ ತಿನ್ನುತ್ತದೆ. ಅದನ್ನೇ ಆಟಗಳಿಗೆಂದು ಇರುವ ಡಿಡಿಎಸ್ ಕಡತದಲ್ಲಿ ಡಿಎಕ್ಸ್‌ಟಿ1 ವಿಧಾನದಿಂದ ಒತ್ತಿದರೆ 8 ಎಂಬಿ ಸಾಕು. ದೂರದ ನೋಟಕ್ಕೆ ಬೇಕಾದ ಚಿಕ್ಕ ಪ್ರತಿಗಳನ್ನು ಸೇರಿಸಿದರೆ ಇದರ ಮೂರನೇ ಒಂದು ಪಾಲು ಮೇಲೆ. ಜೇವರ್ಗಿ ಎಂದು ಬರೆದ ಪುಟ್ಟ ಬೋರ್ಡಿಗೂ ಈ 64 ಎಂಬಿ ಕೊಟ್ಟ ಬಸ್ಸುಗಳನ್ನು ನೋಡಿದ್ದೇನೆ. ಒಂದು ಬಸ್ಸಾದರೆ ನಡೆದೀತು. ಟ್ರಾಫಿಕ್ ಮಾಡ್ ಹಾಕಿ ರಸ್ತೆ ತುಂಬ ಅಂಥ ವಾಹನಗಳನ್ನೇ ಬಿಟ್ಟರೆ 2 ಜಿಬಿಯ ಕಾರ್ಡು ತುಂಬಿ ತುಳುಕುತ್ತದೆ. ತುಳುಕಿದ್ದು ಕಂಪ್ಯೂಟರಿನ ರ‍್ಯಾಮಿಗೆ ಹೋಗುತ್ತದೆ, ಅಲ್ಲಿಯೂ ಜಾಗವಿಲ್ಲದಿದ್ದರೆ ಡಿಸ್ಕಿಗೆ. ಸೆಕೆಂಡಿಗೆ 60 ಚಿತ್ರ ಬರಬೇಕಾದರೆ ಒಂದೊಂದಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ತಿರುಗುವ ಹಾರ್ಡ್ ಡಿಸ್ಕು ಒಂದು ತುಣುಕನ್ನು ಹುಡುಕಿ ತಲುಪುವುದಕ್ಕೇ ಹತ್ತು ಮಿಲಿಸೆಕೆಂಡಿನಷ್ಟು ಬೇಕು. ಅಂಥ ನೂರು ತುಣುಕು ಒಟ್ಟಿಗೆ ಬೇಕಾದಾಗ ಬಸ್ಸು ರಸ್ತೆ ನಡುವೆ ಒಂದು ಸೆಕೆಂಡ್ ಕಲ್ಲಾಗುತ್ತದೆ. ಎಸ್‌ಎಸ್‌ಡಿ ಹಾಕಿಸಿದವರು ಆಟ ಹಾರಿತು ಎನ್ನುವುದು ಇದಕ್ಕೇ. ದುಡ್ಡಿಲ್ಲದವರು ಆಟದ ಆಯ್ಕೆಗಳಲ್ಲಿ ಟೆಕ್ಸ್‌ಚರ್ ಗುಣಮಟ್ಟವನ್ನು ಒಂದು ಹೆಜ್ಜೆ ಇಳಿಸಿ, ಟ್ರಾಫಿಕ್ ಕಡಿಮೆ ಮಾಡಿ. ನೋಟ ಅಷ್ಟೇನೂ ಕೆಡುವುದಿಲ್ಲ.

ಹಳೆಯ ಆಟಗಳಲ್ಲಿ ಲೆಕ್ಕ ಬೇರೆ. 2005ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ ಸ್ಯಾನ್ ಆಂಡ್ರಿಯಾಸಿಗೆ ಇವತ್ತಿಗೂ ಭಾರತದ ಕಾರು, ಬಸ್ಸು ಹಾಕಿ ಆಡುವವರಿದ್ದಾರೆ. ಅದು 32 ಬಿಟ್ಟಿನ ಆಟ. ಯಂತ್ರದಲ್ಲಿ 16 ಜಿಬಿ ರ‍್ಯಾಮ್ ಇದ್ದರೂ ಅಂಥ ಪ್ರೋಗ್ರಾಮಿಗೆ ವಿಂಡೋಸ್ ಸಾಮಾನ್ಯವಾಗಿ ಕೊಡುವ ವಿಳಾಸದ ಜಾಗ 2 ಜಿಬಿ ಮಾತ್ರ. ಆ ಪ್ರೋಗ್ರಾಮಿನ ಕಡತದಲ್ಲಿ ಒಂದು ಗುರುತು ಬದಲಿಸಿದರೆ 64 ಬಿಟ್ಟಿನ ವಿಂಡೋಸಿನಲ್ಲಿ 4 ಜಿಬಿ. ಅಲ್ಲಿ ಹೊಸ ರ‍್ಯಾಮ್ ಕೊಳ್ಳುವುದು ವ್ಯರ್ಥ ಖರ್ಚು.

ಮತ್ತೆ ಯೂರೋ ಟ್ರಕ್ಕಿಗೆ ಬಂದರೆ, ಜಗಳದ ಪ್ರಕರಣಗಳೂ ಇವೆ, ನಮ್ಮ ಭಾಗದ ಒಂದು ಉದಾಹರಣೆ ಸಾಕು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಆಮೇಲೆ ಈಶಾನ್ಯ ಸಾರಿಗೆ ನಿಗಮವೂ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮವಾಯಿತು. ಹುಡುಗರು ಹಳೆಯ ಹೆಸರಿನ ಬಸ್ಸನ್ನು ಹಾಗೇ ಇಟ್ಟುಕೊಂಡು ಅದರ ಮೇಲೆ ಹೊಸ ಹೆಸರಿನ ಬಣ್ಣದ ಮಾಡ್ ಹಾಕುತ್ತಾರೆ. ಎರಡೂ ಒಂದೇ ಹೆಸರಿನ ಕಡತವನ್ನು ತಂದರೆ ಮಾಡ್ ಮ್ಯಾನೇಜರಿನ ಪಟ್ಟಿಯಲ್ಲಿ ಮೇಲಿರುವುದು ಗೆಲ್ಲುತ್ತದೆ. ಮೇಲಿನದು ಬೇರೆ ಆವೃತ್ತಿಯ ಬಸ್ಸಿಗೆ ಮಾಡಿದ್ದಾದರೆ ಇಲ್ಲದ ಭಾಗವನ್ನು ಕರೆಯುತ್ತದೆ. ಇಂಥದ್ದಕ್ಕೆ ಊಹೆ ಬೇಡ, ಸಾಕ್ಷಿ ಇದೆ. ಡಾಕ್ಯುಮೆಂಟ್ಸಿನೊಳಗೆ ಆಟದ ಹೆಸರಿನ ಅದೇ ಫೋಲ್ಡರಿನಲ್ಲಿ ಗೇಮ್.ಲಾಗ್.ಟಿಎಕ್ಸ್‌ಟಿ ಎಂಬ ಕಡತವಿರುತ್ತದೆ. ಆಟ ತಾನು ಮಾಡಿದ್ದನ್ನೆಲ್ಲ ಹೊತ್ತು ಹಾಕಿ ಅದರಲ್ಲಿ ಬರೆಯುತ್ತದೆ. ಮತ್ತೆ ಆಟ ತೆರೆದರೆ ಹಳೆಯದು ಅಳಿಸಿ ಹೋಗುತ್ತದೆ, ಆದ್ದರಿಂದ ನಿಂತ ಕೂಡಲೇ ಅದರ ಪ್ರತಿ ಎತ್ತಿಡಿ. ನೋಟ್‌ಪ್ಯಾಡಿನಲ್ಲಿ ತೆರೆದು ಎರರ್ ಎಂದು ಹುಡುಕಿ, ಕೆಳಗಿನಿಂದ ಮೇಲಕ್ಕೆ ಓದಿ. ಎರರ್ ಸಾಲುಗಳು ನೂರಾರು ಇದ್ದರೂ ಗಾಬರಿ ಬೇಡ, ಅದರಲ್ಲಿ ಬಹುಪಾಲು ನಿರುಪದ್ರವಿ. ನಿಲ್ಲುವ ಕೊನೆಯ ಕ್ಷಣದ ಸಾಲು ಮತ್ತು ಒಂದೇ ಕಡತದ ಹೆಸರು ಸಾವಿರ ಸಲ ಬರುವ ಸಾಲು, ಇವೆರಡೇ ನನಗೆ ಮುಖ್ಯ.

ಲಾಗ್ ಕೂಡ ಬಾಯಿ ಬಿಡದಿದ್ದರೆ ಅರ್ಧ ಮಾಡುವ ಉಪಾಯ. ಹೊಸ ಪ್ರೊಫೈಲ್ ಮಾಡಿ, ಇಲ್ಲವೇ ಹಳೆಯ ಸೇವಿನ ಪ್ರತಿ ತೆಗೆದಿಟ್ಟು, ಅರ್ಧ ಮಾಡ್‌ಗಳನ್ನು ತೆಗೆದು ಓಡಿಸಿ. ನಿಂತರೆ ಕಳ್ಳ ಉಳಿದ ಅರ್ಧದಲ್ಲಿದ್ದಾನೆ, ನಿಲ್ಲದಿದ್ದರೆ ತೆಗೆದ ಅರ್ಧದಲ್ಲಿ. ಹೀಗೆ 64 ಮಾಡ್‌ಗಳ ಗುಂಪನ್ನು ಆರು ಸುತ್ತಿನಲ್ಲಿ ಒಂದಕ್ಕೆ ಇಳಿಸಬಹುದು. ಒಂದೊಂದೇ ತೆಗೆಯುತ್ತ ಕೂತರೆ ಹಬ್ಬದ ರಜೆಯೂ ಸಾಲದು. ಪ್ರೋಮಾಡ್ಸ್‌ನಂಥ ಮ್ಯಾಪ್‌ಗಳು ಹಲವು ಕಡತಗಳಾಗಿ ಬರುತ್ತವೆ, ಅವನ್ನು ಒಂದೇ ಮಾಡ್ ಎಂದು ಎಣಿಸಿ, ಒಡೆಯಬೇಡಿ. ಎರಡೂ ಅರ್ಧ ಬೇರೆಬೇರೆಯಾಗಿ ಸರಿಯಾಗಿ ಓಡಿ, ಕೂಡಿಸಿದಾಗ ಮಾತ್ರ ನಿಂತರೆ ಅದು ಇಬ್ಬರ ಜಗಳ. ಆಗ ಒಂದು ಅರ್ಧವನ್ನು ಪೂರ್ತಿ ಇಟ್ಟು ಇನ್ನೊಂದನ್ನು ಮಾತ್ರ ಒಡೆಯುತ್ತ ಹೋಗಬೇಕು. ಮ್ಯಾಪ್ ಬದಲಿಸಿದ ಮೇಲಿನ ಮೊದಲ ಲೋಡಿನಲ್ಲಿ ಆಟ ತನ್ನ ಊರು, ಸರಕುಗಳ ಲೆಕ್ಕವನ್ನು ಹೊಸದಾಗಿ ಹಾಕುವುದರಿಂದ ಆ ತಡೆಯನ್ನು ರೋಗವೆಂದು ಹಿಡಿಯಬಾರದು. ಆಟವೇ ಹೊಸ ಆವೃತ್ತಿಗೆ ಏರಿದ ಮರುದಿನ ನಿಂತರೆ ಇಷ್ಟೆಲ್ಲ ಬೇಡ: ಸ್ಟೀಮಿನ ಬೀಟಾ ವಿಭಾಗದಲ್ಲಿ ಹಿಂದಿನ ಆವೃತ್ತಿ ಆರಿಸಿಕೊಂಡು, ಮಾಡ್ ಮಾಡಿದವರು ಸರಿಪಡಿಸುವ ತನಕ ಅಲ್ಲೇ ಇರಿ.

ಕಳ್ಳ ಸಿಕ್ಕ ಮೇಲೆ ನಮ್ಮ ದೇಶದ ಮಾಡ್ ಲೋಕದಲ್ಲಿ ಒಂದು ಗೋಡೆ ಎದುರಾಗುತ್ತದೆ. ಬಹಳಷ್ಟು ಬಸ್ಸುಗಳಿಗೆ ಬೀಗ ಹಾಕಿರುತ್ತಾರೆ. ಒಳಗಿನ ಚಿತ್ರವನ್ನು ತೆರೆದು 64 ಎಂಬಿಯನ್ನು 8ಕ್ಕೆ ಇಳಿಸಲು ನಮಗೆ ಆಗದು. ಅವರ ನೋವು ಗೊತ್ತು. ತಿಂಗಳುಗಟ್ಟಲೆ ಕೂತು ಮಾಡಿದ ಬಸ್ಸನ್ನು ಇನ್ನೊಬ್ಬ ಹೆಸರು ಅಳಿಸಿ ತನ್ನದೆಂದು ಹಂಚಿದ್ದನ್ನು ಅವರು ಕಂಡಿದ್ದಾರೆ. ಆದರೂ ಬೀಗ ತಪ್ಪು ಎಂದೇ ನನ್ನ ನಿಲುವು. ಹೆಸರನ್ನು ಕಾಯಲು ಹಾಕಿದ ಬೀಗ ದೋಷವನ್ನೂ ಕಾಯುತ್ತದೆ. ಮಾಡಿದವರು ಹವ್ಯಾಸ ಬಿಟ್ಟ ದಿನ ಆ ಬಸ್ಸು ಹೊಸ ಆವೃತ್ತಿಯಲ್ಲಿ ಓಡದೆ ಶಾಶ್ವತವಾಗಿ ಡಿಪೋ ಸೇರುತ್ತದೆ. ಅಲ್ಲಿಯ ತನಕ ಮಾಡಬಹುದಾದದ್ದು ಅವರಿಗೆ ಸರಿಯಾಗಿ ಬರೆಯುವುದು. "ನಿಮ್ಮ ಮಾಡ್ ಹ್ಯಾಂಗ್ ಆಗ್ತದ" ಎಂದು ಒಂದೇ ಸಾಲು ಬರೆದರೆ ಅವರು ಏನು ಮಾಡಿಯಾರು? ಆಟದ ಆವೃತ್ತಿ, ಮಾಡ್‌ನ ಆವೃತ್ತಿ, ಗ್ರಾಫಿಕ್ಸ್ ಕಾರ್ಡಿನ ಮೆಮೊರಿ, ನಿಂತ ಜಾಗ, ಆ ಮಾಡ್ ಒಂದನ್ನೇ ಹಾಕಿದಾಗಲೂ ನಿಲ್ಲುತ್ತದೆಯೋ ಇಲ್ಲವೋ, ಇಷ್ಟನ್ನು ಬರೆದು ಎತ್ತಿಟ್ಟ ಲಾಗನ್ನು ಜೊತೆಗೆ ಕಳಿಸಿ. ಬಸ್ಸು ಚಂದ ಮಾಡಿದ್ದೀರಿ ಎಂಬ ಮಾತನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಬಹುತೇಕರು ಅದನ್ನು ಕಾಲೇಜಿನ ಓದಿನ ನಡುವೆ ರಾತ್ರಿ ಕೂತು ಮಾಡಿದವರು.