ಎಡ ಎದೆಯ ಮೇಲಿನ ಅಚ್ಚುಕಟ್ಟು

ಏಪ್ರಿಲ್ 2ರ ಪೊಲೀಸ್ ಧ್ವಜ ದಿನಾಚರಣೆಯಲ್ಲಿ ಮುಖ್ಯಮಂತ್ರಿ ಪದಕ ಪಡೆದವರನ್ನು ಕಂಡಾಗ ನನ್ನ ಕಣ್ಣು ಮೊದಲು ಹೋಗುವುದು ಅವರ ಎಡ ಎದೆಯತ್ತ. ದಿನನಿತ್ಯದ ಖಾಕಿಯಲ್ಲಿ ಜೇಬಿನ ಮೇಲೆ ರಿಬ್ಬನ್ ಪಟ್ಟಿಯಷ್ಟೇ. ಪೂರ್ಣ ಪದಕ ಹೊರಬರುವುದು ಪರೇಡ್‌ನಂಥ ಸಮಾರಂಭಕ್ಕೆ. ಹಿರಿಯ ಪದಕ ಎದೆಯ ನಡುವಿಗೆ ಹತ್ತಿರ. ಸಾಲು ದೊಡ್ಡದಾದರೆ ಉಳಿದವು ಒಂದರಡಿ ಒಂದು ಸರಿಯುತ್ತವೆ, ಹಿರಿಯದು ಮಾತ್ರ ಪೂರ್ತಿ ಕಾಣಬೇಕು.

ಪದಕಗಳನ್ನು ಜೋಡಿಸುವ ಬಗೆಗಳಲ್ಲಿ ನನಗೆ ಅಚ್ಚುಮೆಚ್ಚು ಕೋರ್ಟ್ ಮೌಂಟಿಂಗ್. ಗಟ್ಟಿ ಹಿಂಬದಿಗೆ ರಿಬ್ಬನ್ ಎಳೆದು ಕೂರಿಸಿ, ಪದಕವನ್ನು ಅದರ ಮೇಲೆಯೇ ದಾರದಿಂದ ಬಿಗಿಯುತ್ತಾರೆ. ತೂಗಾಟವಿಲ್ಲ, ಒಂದಕ್ಕೊಂದು ತಾಗಿ ಗೀರು ಬೀಳುವುದಿಲ್ಲ. ಹೊಲಿಗೆ ಕಣ್ಣಿಗೆ ಬೀಳದೆ, ಪದಕಗಳ ಕೆಳ ಅಂಚು ಒಂದೇ ಗೆರೆಯಲ್ಲಿ ನಿಂತರೆ ಅದು ಪಳಗಿದ ಕೈ.

ಮನೆಯಲ್ಲಿ ಹಿರಿಯರ ಪದಕಗಳಿದ್ದರೆ ಪಾಲಿಶ್ ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಮೆತ್ತನೆಯ ಒಣ ಬಟ್ಟೆ ಸಾಕು.